ಲೇಹ್ಯ ತೀರಿದ ದಿನ

"ಗುರುಗಳೇ, ಮದ್ದು ಮಾರುವ ವರ್ತಕನೂ ಒಳ್ಳೆಯವನು, ಅವನ ಔಷಧಿಯೂ ಒಳ್ಳೆಯದು ಎಂದಮೇಲೆ ಅವನು ಕರೆದಾಗ ಹೋಗಿ ಉಂಡು ಬಂದರೆ ವೈದ್ಯನಿಗೆ ಏನು ತಪ್ಪು?"

ವೈದ್ಯಶಾಸ್ತ್ರ ಕಲಿತು ಮುಗಿಸಿ ಊರಿಗೆ ಹೊರಟಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳಿಗೆ ಈ ಶಿಷ್ಯನ ಮೇಲೆ ಪ್ರೀತಿ ಹೆಚ್ಚು. "ತಪ್ಪೇನಿಲ್ಲಪ್ಪ, ಊಟ ಊಟವೇ. ಹೊರಡುವ ಮುಂಚೆ ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ಹಿಡಿಯುವ ಮೊದಲು ಅವನು ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಏನು ಉಂಡೆ, ಎಲ್ಲಿ ಮಲಗಿದೆ, ಯಾವ ಕೆಲಸಕ್ಕೆ ಹೋಗುತ್ತೀ ಎಂದೆಲ್ಲ ಕೇಳುತ್ತಿದ್ದ. ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಊರವರು ನಗುತ್ತಿದ್ದರು. ನಕ್ಕರೂ ಅವನ ಬಳಿಗೇ ಬರುತ್ತಿದ್ದರು.

ಆ ಊರಿಗೆ ಒಬ್ಬ ಲೇಹ್ಯದ ವರ್ತಕ ಬಂದ. "ರೋಗ ಬಂದಮೇಲೆ ಓಡಾಡುವುದಕ್ಕಿಂತ, ಬಾರದ ಹಾಗೆ ಮೈಯಲ್ಲಿ ಬಲ ತುಂಬುವುದು ಮೇಲಲ್ಲವೇ?" ಎಂದ. ಮಾತು ಸುಳ್ಳಲ್ಲ, ಲೇಹ್ಯವೂ ಕಲಬೆರಕೆಯದಲ್ಲ. ವರ್ಷಕ್ಕೊಮ್ಮೆ ಹತ್ತೂರ ವೈದ್ಯರನ್ನು ಕರೆಸಿ, ಹೋಳಿಗೆ ಊಟ ಹಾಕಿಸಿ, ಶಾಲು ಹೊದಿಸಿ, ಬಲವರ್ಧನೆಯ ಮೇಲೆ ಪಂಡಿತರಿಂದ ಮಾತಾಡಿಸುತ್ತಿದ್ದ. ಆ ಪಂಡಿತರು ವರ್ತಕನ ಬಂಡಿಯಲ್ಲೇ ಬರುತ್ತಿದ್ದರು. ವೈದ್ಯನಿಗೆ ಅವನನ್ನು ಕಂಡರೆ ಒಡಹುಟ್ಟಿದ ತಮ್ಮನನ್ನು ಕಂಡಷ್ಟು ಅಕ್ಕರೆ. ಬರಬರುತ್ತ, ಯಾರೇ ಬಂದರೂ ವೈದ್ಯನ ಮೊದಲ ಮಾತು "ಲೇಹ್ಯ ತಿನ್ನುತ್ತಿದ್ದೀಯಾ?" ಎಂದಾಯಿತು. ಎರಡನೆಯ ಮಾತೇ ಇರುತ್ತಿರಲಿಲ್ಲ.

ಒಂದು ಚಳಿಗಾಲ ಸುಣ್ಣ ಸುಡುವವನ ಹೆಂಡತಿ ಐದು ವರ್ಷದ ಮಗಳನ್ನು ಕರೆತಂದಳು. ಮಗುವಿಗೆ ಕೆಮ್ಮು. ವೈದ್ಯ ಲೇಹ್ಯ ಕೊಟ್ಟ. ಮುಂದಿನ ತಿಂಗಳು ಕೆಮ್ಮು ಹೆಚ್ಚಿತ್ತು. ಬಲ ಸಾಲದು, ಇನ್ನೊಂದು ಚಮಚ ಸೇರಿಸು ಎಂದ. ಮೂರನೆಯ ತಿಂಗಳು ತಾಯಿ ಮಗಳನ್ನು ಎತ್ತಿಕೊಂಡು ಬಂದಳು. ನಾಲ್ಕು ಹೆಜ್ಜೆ ನಡೆಯಲು ಮಗುವಿಗೆ ಉಸಿರು ಸಾಲುತ್ತಿರಲಿಲ್ಲ.

ಆ ದಿನ ವೈದ್ಯನ ಭರಣಿ ಬರಿದಾಗಿತ್ತು. ವರ್ತಕನ ಬಂಡಿ ಅಚ್ಚು ಮುರಿದು ದಾರಿಯಲ್ಲೇ ನಿಂತಿತ್ತು. ತಾಯಿಯನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಏನಾದರೂ ಮಾತಾಡಬೇಕಲ್ಲ ಎಂದು ವೈದ್ಯ ಕೇಳಿದ: "ಮಗು ಎಲ್ಲಿ ಮಲಗ್ತದಮ್ಮಾ?"

"ಸುಣ್ಣದ ಗೂಡಿನ ಪಕ್ಕದಾಗೇ ಸ್ವಾಮಿ. ಚಳಿ ನೋಡ್ರಿ, ಅಲ್ಲಾದ್ರೆ ಬೆಚ್ಚಗಿರ್ತದೆ."

ವೈದ್ಯ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ಅವಳ ಹಿಂದೆ ನಡೆದ. ಗೂಡಿನ ಹೊಗೆಯಲ್ಲಿ ಹಾಸಿದ್ದ ಪುಟ್ಟ ಚಾಪೆಯನ್ನು ತಾನೇ ಸುತ್ತಿ ತನ್ನ ಮನೆಗೆ ತಂದ. ಚಳಿ ಕಳೆಯುವ ತನಕ ತಾಯಿ, ಮಗಳು ಅಲ್ಲೇ ಮಲಗಿದರು. ದಿನ ಕಳೆದಂತೆ ಕೆಮ್ಮು ತಗ್ಗಿತು. ಮಗು ಇನ್ನಷ್ಟು ಗಂಜಿ ಬೇಕೆಂದ ದಿನ ವೈದ್ಯ ಅಡುಗೆಮನೆಗೆ ಹೋಗಿ ಅತ್ತುಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಇದರಲ್ಲಿ ವೈದ್ಯನದೇನು ತಪ್ಪು ಗುರುಗಳೇ? ಹೊಗೆಯ ಸಂಗತಿಯನ್ನು ಆ ತಾಯಿಯೇ ಮೊದಲು ಹೇಳಬೇಕಿತ್ತು" ಎಂದ.

ಗುರುಗಳು ಅವನ ಬೆನ್ನು ಸವರಿದರು. "ಅವಳ ಸೆರಗು ಮೂರು ತಿಂಗಳೂ ಹೊಗೆ ನಾರುತ್ತಿತ್ತಪ್ಪ, ವೈದ್ಯನ ಮೂಗಿಗೆ ಲೇಹ್ಯದ ಘಮವೊಂದೇ ಹತ್ತಿತ್ತು."