ಹೊನ್ನಾಜಮ್ಮನ ಮೀನು

ಕೇಳಿ ಮಕ್ಕಳಾ. ನನ್ನ ಅಜ್ಜಿಯ ಅಜ್ಜಿ ತೊಟ್ಟಿಲಲ್ಲಿದ್ದ ಕಾಲಕ್ಕೂ ಹಿಂದೆ, ಈ ಕೆರೆ ಪಕ್ಕದ ನಮ್ಮೂರಲ್ಲೇ ಹೊನ್ನಾಜಮ್ಮ ಅಂತ ಒಬ್ಬಳಿದ್ದಳಂತೆ. ಬಲೆ ಹೆಣೆಯೋದರಲ್ಲಿ ಸುತ್ತ ಏಳೂರಲ್ಲಿ ಅವಳನ್ನು ಮೀರಿಸುವವರಿರಲಿಲ್ಲವಂತೆ. ದಿನವಿಡೀ ದೊಡ್ಡ ಹುಣಸೆಮರದ ಕೆಳಗೇ ಅವಳ ಕೆಲಸ. ಮೇಲಿಂದ ಕೊಕ್ಕರೆಗಳ ಹಿಕ್ಕೆ ಬಿದ್ದರೆ ಕಂಬಳಿ ಕೊಪ್ಪೆ ಕೊಡವಿಕೊಂಡು ಮತ್ತೆ ಕೂರುತ್ತಿದ್ದಳಂತೆ. ಅಂಥ ಗಟ್ಟಿಗಿತ್ತಿ!

ಒಂದು ವರ್ಷ ಕೆರೆಯಲ್ಲಿ ಮೀನು ಕಡಿಮೆಯಾಯಿತಂತೆ. ಬೆಸ್ತರ ಯಜಮಾನ ಮುದ್ದಯ್ಯ, ಅವಳ ಗಂಡನ ಅಣ್ಣ, ಕೊಕ್ಕರೆಗಳೇ ತಿಂದು ಮುಗಿಸಿದವು ಅಂತ ಕೊಡಲಿ ಹಿಡಿದು ಮರದ ಬುಡಕ್ಕೆ ಬಂದನಂತೆ. ಗೂಡುಗಳ ತುಂಬ ರೆಕ್ಕೆ ಬಲಿಯದ ಮರಿಗಳು. ಹೊನ್ನಾಜಮ್ಮ ಬಲೆ ಬಿಟ್ಟೆದ್ದು ಅಡ್ಡ ನಿಂತಳಂತೆ.

"ಭಾವ, ಕೊಕ್ಕರೆಯೆಲ್ಲ ಒಂದೇ ಅಲ್ಲ, ಕೊಕ್ಕು ನೋಡಿ" ಅಂದಳಂತೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇರೋದು ಬಣ್ಣದ ಕೊಕ್ಕರೆ, ಅದು ಮೀನು ತಿನ್ನೋದು ನಿಜ. ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯೋದು ಬಾಯ್ಕಳಕ, ಅದು ತಿನ್ನೋದು ಬಸವನಹುಳು. ಎರಡೂ ಮೀನು ಮುಟ್ಟಲ್ಲ ಅನ್ನಬಹುದಿತ್ತು. ಅವಳು ಸುಳ್ಳಾಡಲಿಲ್ಲ.

"ಕೊಕ್ಕು ಹೆಂಗಿದ್ರೇನು, ಹೊಟ್ಟೆ ಒಂದೇ ಕಣಮ್ಮಿ" ಅಂದನಂತೆ ಮುದ್ದಯ್ಯ.

ಮಧ್ಯಾಹ್ನದವರೆಗೆ ತಡೆಯಿರಿ ಅಂತ ಬೇಡಿಕೊಂಡು, ಎರಡು ಕೊಂಬೆಗಳ ಕೆಳಗೆ ಎರಡು ಚಾಪೆ ಹಾಸಿದಳಂತೆ. ಮರಿಗಳಿಗೆ ಗುಟುಕು ಕೊಡುವಾಗ ಒಂದಿಷ್ಟು ಕೆಳಗೆ ಉದುರುತ್ತದಲ್ಲ, ಅದಕ್ಕೆ. ಬಾಯ್ಕಳಕದ ಕೆಳಗಿನ ಚಾಪೆಯಲ್ಲಿ ಬರೀ ಬಸವನಹುಳುವಿನ ಮಾಂಸ. ಬಣ್ಣದ ಕೊಕ್ಕರೆಯ ಕೆಳಗೆ ಮಾತ್ರ ಒಂದು ಬೊಗಸೆ ಮೀನು. ಮುದ್ದಯ್ಯ ಕೊಡಲಿ ಎತ್ತಿದನಂತೆ.

ಆಗ ಹೊನ್ನಾಜಮ್ಮ ತಾನೇ ಹೆಣೆದ ಬಲೆಯನ್ನು ಬಿಗಿಯಾಗಿ ಕಟ್ಟಿ, ಆ ಮೀನುಗಳನ್ನು ಅದರ ಮೇಲೆ ಸುರಿದಳಂತೆ. ಬಲೆಯ ಕಣ್ಣುಗಳಿಂದ ಅವು ಪಟಪಟನೆ ನೆಲಕ್ಕೆ ಉದುರಿದವಂತೆ.

"ನಮ್ಮ ಬಲೆಯಲ್ಲಿ ನಿಲ್ದೇ ಇರೋ ಮೀನು ನಮ್ಮದು ಹೆಂಗಾಯ್ತದೆ ಭಾವ?"

ಒಂದೇ ಒಂದು ಬಲೆಯಲ್ಲಿ ಉಳಿಯಿತು. ಅದನ್ನೂ ಅವಳು ಮುಚ್ಚಿಡಲಿಲ್ಲ. "ಇದು ನಿಮ್ಮದೇ. ಇಂಥವು ಹಕ್ಕಿ ತಿಂದಷ್ಟೂ ನನ್ನ ಪಾಲಲ್ಲಿ ಮುರ್ಕೊಳ್ಳಿ" ಅಂತ ಅವನ ಕೈಗಿಟ್ಟಳಂತೆ. ಮುದ್ದಯ್ಯ ಕೊಡಲಿ ಕೆಳಗಿಟ್ಟನಂತೆ.

ಇವತ್ತಿಗೂ ನಮ್ಮೂರಲ್ಲಿ ಬಲೆ ಎಳೆದ ದಿನ, ಜೀವವಿರುವ ಒಂದು ಮೀನನ್ನು "ಇದು ಹೊನ್ನಾಜಮ್ಮನ್ದು" ಅಂತ ಕೆರೆಗೆ ಬಿಟ್ಟೇ ಮನೆಗೆ ಹೊರಡೋದು. ಪಕ್ಕದೂರಿನವರು ನಮ್ಮನ್ನು ಆಡಿಕೊಂಡು ನಗುತ್ತಾರೆ. ನಗಲಿ ಬಿಡಿ. ಅವರ ಮರಗಳಲ್ಲಿ ಒಂದು ಗೂಡೂ ಇಲ್ಲ.