ಎತ್ತಿನ ಸೋಮವಾರ

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅವತ್ತು ಯಾರೂ ಎತ್ತು ಹೂಡೂದಿಲ್ಲ. ಎತ್ತಿಗೆ ರಜೆ ಅಂದ್ರ ಆಳಿಗೂ ರಜೆ.

ಒಬ್ಬ ಸಾವ್ಕಾರ ಎತ್ತು ಮಾರಿ, ಹೊಲದಾಗ ಕಳೆ ತಗಿಯಾಕ ಮನುಷ್ಯನ ಕೈಲೆ ತಳ್ಳೂ ಸೈಕಲ್ ಎಡೆಕುಂಟಿ ತಂದ.

"ಇದಕ್ಕ ಯಾವ ದೇವರ ವಾರಾನೂ ಇಲ್ಲ. ಸೋಮವಾರಾನೂ ಬಾರಲೇ," ಅಂದ ತನ್ನ ಆಳಿಗೆ.

ಅದನ್ನ ತಳ್ಳಿ ತಳ್ಳಿ ಆಳಿನ ಸೊಂಟ ಆಗಲೇ ಬಿದ್ದುಹೋಗಿತ್ತು. ಬ್ಯಾರೆ ಕಡೆ ಕೆಲಸಾನೂ ಇರಲಿಲ್ಲ.

ಸೋಮವಾರ ಹಣಿಗೆ ವಿಭೂತಿ ಬಳಕೊಂಡು, ಕೊರಳಿಗೆ ಗಂಟಿ ಕಟಗೊಂಡು, ಖಾಲಿ ಕೊಟ್ಟಿಗ್ಯಾಗ ಮಲಗಿಬಿಟ್ಟ.

"ಏನಲೇ ಇದು?"

"ಎತ್ತಿನ ಕೆಲಸೆಲ್ಲಾ ನನಗ ಕೊಟ್ರಿ, ಸಾವ್ಕಾರ್ರ. ಅವುಗಳ ಸೋಮವಾರ ಯಾರಿಗೆ ಕೊಟ್ರಿ?"

ಸಾವ್ಕಾರ ಬಾರಕೋಲು ಎತ್ತಿದ. ಗಂಟಿ ಸಪ್ಪಳ ಕೇಳಿ, ಕಣ್ಣು ಮಂಜಾದ ಅವನ ಅವ್ವ ಆರತಿ ಹಿಡಕೊಂಡು ಬಂದ್ಲು.

"ವಾರದ ದಿನ ಬಸವಣ್ಣನ್ನ ಹೊಡೀತೀಯೇನೋ, ಪಾಪಿ!"

ಸಾವ್ಕಾರ ಬಾರಕೋಲು ಬೆನ್ನ ಹಿಂದ ಮುಚ್ಚಿಟ್ಟ.

ಮಧ್ಯಾಹ್ನ ಆಳಿಗೆ ಹಸಿವಾತು. ಅವ್ವ ಭಕ್ತಿಯಿಂದ ಬುಟ್ಟಿ ತುಂಬ ದನಕ್ಕ ಹಾಕೂ ಹಿಂಡಿ ತಂದಿಟ್ಟು ಕೈಮುಗಿದು ಹೋದ್ಲು. ಆಳು ಅದನ್ನ ನೋಡಕೋತ ಕೂತ. ಇರಲಿ, ರಜೆ ಅಂತೂ ಸಿಕ್ಕಿತ್ತಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದ್ರ, ಸಾವ್ಕಾರ ಹಳೇ ನೊಗಕ್ಕ ಎಣ್ಣಿ ಹಚ್ಚಿಕೋತ ಬಾಗಿಲದಾಗ ಕೂತಿದ್ದ.

"ಬಾರಪ್ಪಾ ಬಸವಣ್ಣ," ಅಂದ. "ಇವತ್ತು ಮಂಗಳವಾರ."