ಅಂಬೋಜಿ ಪಟಾಕಿ ನೆನೆಸಿದ್ದು

ವ್ಯವಹಾರ ಇಷ್ಟೇ: ತುಳಜವ್ವನ ಒಂದು ಜೊತೆ ಬೆಂಡೋಲೆಗೆ ಒಂದು ಗಾಡಿ ಪಟಾಕಿ. ಓಲೆ ತೂಗಿದವನು ನಾನು, ಪಟಾಕಿ ಕೊಟ್ಟವನೂ ನಾನೇ. ಅವಳ ಮಗ ಅಂಬೋಜಿ ಪೆದ್ದ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಪೆದ್ದ. ಅವಳಿಗೋ ಬಿಡದ ಕೆಮ್ಮು. ತಾನು ಕಣ್ಣು ಮುಚ್ಚುವುದರೊಳಗೆ ಅವನ ಕೈಗೊಂದು ವ್ಯಾಪಾರ ಹತ್ತಲಿ ಎಂಬುದೇ ಆಸೆ.

ದೀಪಾವಳಿಗೆ ಮೈದಾನದಲ್ಲಿ ನಮ್ಮದೆಲ್ಲ ಸಾಲು ಅಂಗಡಿ. ಪಟಾಕಿ ಬಿಸಿಲಿಗೆ ಹಾಕು ಅಂದಳು ಅವ್ವ. ಹಾಕಿದ. ಹೊತ್ತು ಮುಳುಗಿದರೂ ತೆಗೆಯಲಿಲ್ಲ. ತೆಗಿ ಅಂತ ಯಾರು ಹೇಳಿದ್ದರು? ಇಬ್ಬನಿ ಬಿತ್ತು. ಬೈದಳು, ಇನ್ನು ಮುಚ್ಚಿಡು ಅಂದಳು.

ಮರುದಿನ ಗಿರಾಕಿ ಬಂದರೆ ಅಂಬೋಜಿ ಸರಕಿಗೆ ತಾಡಪಾಲು ಹೊದಿಸಿ ಮೇಲೆ ಕೂತಿದ್ದ. ಅವ್ವ ಮುಚ್ಚಿಡು ಅಂದಾಳ ಅಂತ ಎಲ್ಲರನ್ನೂ ಕಳಿಸಿದ. ಅವರು ನನ್ನ ಅಂಗಡಿಗೆ ಬಂದರು, ನಾನೇಕೆ ಬೇಡ ಅನ್ನಲಿ?

ತುಳಜವ್ವ ಹಣೆ ಚಚ್ಚಿಕೊಂಡಳು. "ಸರಕು ಕಾಯೋದು ಗಿರಾಕಿಯಿಂದ ಅಲ್ಲೊ ಮಗನ, ಬೆಂಕಿಯಿಂದ. ಬೆಂಕಿ ಕಂಡ್ರ ಯಾರನೂ ಕೇಳಬ್ಯಾಡ, ನೀರು ಸುರಿ."

ಹಬ್ಬದ ಸಂಜೆ ಲಕ್ಷ್ಮೀಪೂಜೆ. ಅಂಗಡಿಯಲ್ಲಿ ಅವಳೇ ಆರತಿ ಹಚ್ಚಿದಳು. ಅಂಬೋಜಿ ನೀರಿನ ಡ್ರಮ್ಮು ಎತ್ತಿ ಆರತಿ, ಲಕ್ಷ್ಮಿ, ಪಟಾಕಿ ಎಲ್ಲದರ ಮೇಲೂ ಬಗ್ಗಿಸಿದ.

ಪೇಟೆ ನಕ್ಕಿತು. ತನ್ನ ವ್ಯಾಪಾರ ತಾನೇ ಕೆಡಿಸಿಕೊಂಡವನಿಗೆ "ಪಟಾಕಿ ನೆನೆಸಿದ" ಅನ್ನತೊಡಗಿದೆವು.

ಪಾಡ್ಯದ ದಿನ ಎಲ್ಲಿಂದಲೋ ಕಿಡಿ ಹಾರಿ ಸಾಲಿಗೆ ಸಾಲೇ ಸುಟ್ಟಿತು, ನನ್ನದೂ. ನಿಂತದ್ದು ಅಂಬೋಜಿಯದೊಂದೇ. ಆಗ ಮಾತು ಮಗ್ಗುಲು ಬದಲಿಸಿತು. ಮುಂದಿನದು ಕಂಡು ಮೊದಲೇ ಎಚ್ಚರ ವಹಿಸಿದವನನ್ನು, ಜಾಣ, ಪಟಾಕಿ ನೆನೆಸಿದ ಅಂದೆವು. ತುಳಜವ್ವ ಮಾತ್ರ ಹಿಗ್ಗಲಿಲ್ಲ. "ಉಳಿದದ್ದು ಹಸಿ ಕಾಗದ, ಸಾವಕಾರ್ರ. ಅದನ್ನ ಯಾರು ಕೊಳ್ತಾರ?"

ಮಾಘದಲ್ಲಿ ಅವಳು ಹೋದಳು. ಚಿತೆಯ ಮುಂದೆ ಅಂಬೋಜಿಯ ಹೆಗಲಿಗೆ ನೀರಿನ ಗಡಿಗೆ ಕೊಟ್ಟೆವು. ಸುತ್ತು ಬಂದು ಗಡಿಗೆ ಹಿಂದಕ್ಕೆ ಒಡೆಯಬೇಕು, ಆಮೇಲೆ ಕೊಳ್ಳಿ ಇಡಬೇಕು. ಅವನು ಸುತ್ತು ಬಂದ. ನನ್ನ ಕೈಯಲ್ಲಿ ಉರಿಯುವ ಕೊಳ್ಳಿ ಕಂಡ. ಗಡಿಗೆ ಒಡೆಯಲಿಲ್ಲ, ಕೊಳ್ಳಿಯ ಮೇಲೆ, ಕಟ್ಟಿಗೆಯ ಮೇಲೆ, ಅವ್ವನ ಮೇಲೆ ನೀರು ಸುರಿದ.

ಬೈದೆವು. ಹೀಗಲ್ಲ ಅಂತ ತಿಳಿಹೇಳಿದೆವು. "ಅವ್ವ ಬ್ಯಾಡ ಅಂದಿಲ್ಲ" ಅಂದ.

ಹೊಸ ಬುದ್ಧಿ ಹೇಳುವವಳು ಚಿತೆಯ ಮೇಲೆ ನೆನೆದು ಮಲಗಿದ್ದಳು. ಅವನನ್ನು ಹಿಡಿದುಕೊಂಡು, ಬೇರೆ ಕಟ್ಟಿಗೆ ತರಿಸಿ, ಕೊಳ್ಳಿ ನಾನೇ ಇಟ್ಟೆ.

ಹೋದವರ ಮಾತು ಬಿಡದವರಿಗೆ ಈಗ ಪೇಟೆಯಲ್ಲಿ ಪಟಾಕಿ ನೆನೆಸ್ತಾನೆ ಅನ್ನುತ್ತಾರೆ, ನಗದೆ. ಲೆಕ್ಕ ನೋಡಿದರೆ ಓಲೆ ಹೋಯಿತು, ಸರಕು ಹೋಯಿತು, ತಾಯಿ ಹೋದಳು. ಗಳಿಸಿದ್ದು ಒಂದು ಮಾತು, ಅದೂ ಪೇಟೆಯ ಪಾಲಿಗೆ.